ಹಳೇ ಅಲುವೆಟ್ ಹೆಲಿಕಾಪ್ಟರ್ ಮಾಡೆಲ್ ಕಿಟ್ ಸಿಕ್ಕಿದೆ, ಚೇತಕ್ ಮಾಡಬೇಕು. ಎಷ್ಟು ಕೊಳೆ ಹಚ್ಚಬೇಕು?

ಕತ್ರಿಗುಪ್ಪೆ_ಕಿಟ್
ಸೋದರಮಾವ ಬಸವನಗುಡಿಯ ಹಳೇ ಮನೆ ಖಾಲಿ ಮಾಡಿದರು. ಅಟ್ಟದಲ್ಲಿ ಒಂದು ಡಬ್ಬ ಸಿಕ್ಕಿತು. ಹೆಲ್ಲರ್ ಕಂಪನಿಯ 1/72 ಅಲುವೆಟ್ 3, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು ಅಳತೆಯ ಪ್ಲಾಸ್ಟಿಕ್ ಮಾಡೆಲ್. ಡಬ್ಬದ ಒಂದು ಮೂಲೆ ಇಲಿ ಪಾಲಾಗಿದೆ, ಆದರೆ ಒಳಗಿನ ಭಾಗಗಳೆಲ್ಲ ಇನ್ನೂ ಸ್ಪ್ರೂ (ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟು) ಮೇಲೇ ಇವೆ. ಡೆಕಾಲ್ ಹಾಳೆ, ಅಂದರೆ ನೀರಲ್ಲಿ ನೆನೆಸಿ ಮೈಗೆ ಅಂಟಿಸುವ ಗುರುತುಗಳ ಹಾಳೆ, ಹಳದಿ ಆಗಿದೆ. ಮುಂದಿನ ಗಾಜಿನ ಗೂಡಿನ ಮೇಲೆ ಗೀರು ಬಿದ್ದಿದೆ. ಮೈಮೇಲಿನ ತಗಡು ಸೇರುವ ಗೆರೆಗಳು, ಅಂದರೆ ಪ್ಯಾನೆಲ್ ಲೈನ್‌ಗಳು ಒಳಕ್ಕೆ ಕೊರೆದಿಲ್ಲ, ಹೊರಕ್ಕೆ ಎದ್ದಿವೆ.

ಅಲುವೆಟ್ 3 ಅಂದರೆ ನಮ್ಮ ಚೇತಕ್ ತಾನೇ. ಹಾಗಾಗಿ ಫ್ರೆಂಚ್ ಬಣ್ಣ ಬಿಟ್ಟು ವಾಯುಪಡೆಯ ಚೇತಕ್ ಮಾಡುವ ಯೋಚನೆ. ಕಟ್ಟುವುದು ಹೇಗೋ ಆಗುತ್ತದೆ. ನನ್ನ ತಲೆಬಿಸಿ ವೆದರಿಂಗ್ ಬಗ್ಗೆ, ಅಂದರೆ ಬಳಸಿ ಹಳತಾದಂತೆ ಕಾಣಲು ಕೊಳೆ, ಸವೆತ ತೋರಿಸುವುದು. ಯೂಟ್ಯೂಬ್‌ನಲ್ಲಿ ನೋಡಿದರೆ ಪ್ರತಿಯೊಬ್ಬರೂ ಕಪ್ಪು ವಾಶ್ (ಗೆರೆ, ಸಂದಿಗೆ ಇಳಿಸುವ ತೆಳು ಬಣ್ಣ), ತುಕ್ಕು, ಕಿತ್ತ ಬಣ್ಣ, ಕೆಸರು ಎಲ್ಲ ಬಳಿದು ಅದು ಹಾರಾಡುವ ಹೆಲಿಕಾಪ್ಟರೋ ಗುಜರಿಗೆ ಹೊರಟಿದ್ದೋ ಗೊತ್ತಾಗದ ಹಾಗೆ ಮಾಡಿರುತ್ತಾರೆ. ನಿಜವಾದ ಚೇತಕ್ ಮೇಲೆ ಕೊಳೆ ಎಲ್ಲೆಲ್ಲಿ ಕೂರುತ್ತದೆ? ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ಹೇಳಿ.

ರಾಜಾಜಿನಗರ_ರಂಗ
ಮೊದಲು ಡಬ್ಬದ ಫೋಟೊ ಹಾಕಿ ಸ್ವಾಮಿ. ಮಿಕ್ಕಿದ್ದು ಆಮೇಲೆ.

ಪೆಟ್ಟಿಗೆ_ಪುರಾಣ
ಕಟ್ಟಲೇಬೇಡಿ. ಹಳೇ ಹೆಲ್ಲರ್ ಡಬ್ಬ, ಭಾಗ ಪೂರ್ತಿ ಇದೆ ಅಂತೀರಿ. ಹೀಗೆ ಸಿಗುವುದು ಕಡಿಮೆ. ಬೆಳ್ಳಿಹುಳ ಬರದ ಜಾಗ ನೋಡಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಇಟ್ಟುಬಿಡಿ. ಚೇತಕ್ ಬೇಕಿದ್ದರೆ ಬೇರೆ ಅಲುವೆಟ್ ಕಿಟ್ ಹುಡುಕಿ ಮಾಡಿ.

ಗೋಂದು_ಗೌಡ
ಇಲಿ ತಿಂದ ಡಬ್ಬಕ್ಕೂ ಬೆಲೆ ಕಟ್ಟುತ್ತೀರಲ್ಲ ಮಾರಾಯ್ರೇ. ಕಿಟ್ ಇರೋದೇ ಕಟ್ಟೋಕೆ. ಅವರ ಮಾವ ಕಟ್ಟಲಿಲ್ಲ, ಇವರೂ ಕಟ್ಟದೆ ಇಟ್ಟರೆ ಮುಂದಿನ ಸಲ ಇಲಿ ರೋಟರನ್ನೂ ತಿನ್ನುತ್ತದೆ.

ಪೆಟ್ಟಿಗೆ_ಪುರಾಣ
ನಿಮ್ಮಂಥವರು ಕಟ್ಟಿ ಕಟ್ಟಿಯೇ ಹಳೇ ಕಿಟ್‌ಗಳು ಮುಗಿದುಹೋಗಿದ್ದು.

ಸುಮಾ_ಸ್ಪ್ರೂ
ಈ ಜಗಳ ಪ್ರತಿ ಸಲ ಇದ್ದದ್ದೇ. ಕತ್ರಿಗುಪ್ಪೆಯವರೇ, ಕಟ್ಟಿ. ಒಂದು ಮಾತು. ಚೇತಕ್ ಮಾಡುವುದಾದರೆ ಆ ಹಳದಿ ಡೆಕಾಲ್ ಯಾಕೆ ಬೇಕು ನಿಮಗೆ? ಅದರಲ್ಲಿರುವುದು ಫ್ರೆಂಚ್ ಗುರುತು. ಅದನ್ನು ಉಳಿಸುವ ಕಷ್ಟವೇ ಬೇಡ.

ಕತ್ರಿಗುಪ್ಪೆ_ಕಿಟ್
ದೊಡ್ಡ ಗುರುತು ಬೇಡ. ಬಾಲದ ರೋಟರ್ ಹತ್ತಿರ ಹಾಕುವ ಎಚ್ಚರಿಕೆ ಪಟ್ಟಿ, ಸಣ್ಣ ಸಣ್ಣ ಅಕ್ಷರದ ಸ್ಟೆನ್ಸಿಲ್ ಬೇಕಲ್ವಾ. ಅದು ಫ್ರೆಂಚ್‌ನಲ್ಲಿದ್ದರೂ 1/72ರಲ್ಲಿ ಓದುವವರು ಯಾರು.

ಸುಮಾ_ಸ್ಪ್ರೂ
ಹಾಗಾದರೆ ಸರಿ. ಹಾಳೆಯನ್ನು ಜಿಪ್ ಕವರ್‌ಗೆ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್‌ನಿಂದ ಅಂಟಿಸಿ, ಚಿತ್ರ ಇರುವ ಬದಿ ಹೊರಗೆ. ಹಳದಿ ಬಣ್ಣ ನಿಧಾನವಾಗಿ ಇಳಿಯುತ್ತದೆ. ಬೆಂಗಳೂರಿನ ಮಾರ್ಚ್ ಬಿಸಿಲು ಇದಕ್ಕೆ ಚೆನ್ನಾಗಿದೆ. ಜುಲೈ ಮೋಡದಲ್ಲಿ ಕಾಯುತ್ತಾ ಕೂರಬೇಕು.

ಆಮೇಲೆ ಬೇಡದ ಒಂದು ಗುರುತನ್ನು ಕತ್ತರಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ. ಚೂರು ಚೂರಾದರೆ ಇಡೀ ಹಾಳೆಯ ಗತಿ ಅದೇ. ಆಗ ಹಾಳೆಯ ಮೇಲೆ ಮೈಕ್ರೋಸ್ಕೇಲ್‌ನ ಲಿಕ್ವಿಡ್ ಡೆಕಾಲ್ ಫಿಲ್ಮ್ ಒಂದು ಪದರ ಹಚ್ಚಿ, ಅಥವಾ ಹೊಳಪಿನ ಲ್ಯಾಕರ್ ಸ್ಪ್ರೇ ಮಾಡಿ ಒಣಗಿಸಿ. ಹೊಸ ಪದರ ಹಳೇ ಶಾಯಿಯನ್ನು ಹಿಡಿದುಕೊಳ್ಳುತ್ತದೆ. ಆದರೆ ಆಗ ಪ್ರತಿ ಗುರುತನ್ನೂ ಅಂಚಿಗೆ ಹತ್ತಿರವಾಗಿ ನೀವೇ ಕತ್ತರಿಸಬೇಕು, ಯಾಕೆಂದರೆ ಇಡೀ ಹಾಳೆ ಒಂದೇ ಡೆಕಾಲ್ ಆಗಿಬಿಟ್ಟಿರುತ್ತದೆ.

ಮಲ್ಲೇಶ್ವರಂ_ಮಾಮ
ನಮ್ಮ ಕಾಲದಲ್ಲಿ ಈ ಫಿಲ್ಮು ಗಿಲ್ಮು ಏನೂ ಇರಲಿಲ್ಲ. ವಾಯುಪಡೆಯ ಗುರುತಿನ ವೃತ್ತವನ್ನು ಕೈಯಲ್ಲೇ ಬರೆಯುತ್ತಿದ್ದೆವು. ಜಾಮಿಟ್ರಿ ಬಾಕ್ಸಿನ ಕೈವಾರಕ್ಕೆ ರೂಲಿಂಗ್ ಪೆನ್ ಕಟ್ಟಿಕೊಂಡು. ಏರಿಯಲ್ ಬೇಕಾದರೆ ಸ್ಪ್ರೂ ತುಂಡನ್ನು ಊದಿನಕಡ್ಡಿ ಕೆಂಡಕ್ಕೆ ಹಿಡಿದು ಎಳೆದರೆ ಆಯಿತು, ಕೂದಲೆಳೆ ಬರುತ್ತದೆ.

ಸುಮಾ_ಸ್ಪ್ರೂ
ಊದಿನಕಡ್ಡಿ ಈಗಲೂ ಬಳಸುತ್ತೇನೆ ಮಾಮ. ಮೇಣದಬತ್ತಿ ಉರಿಗಿಂತ ಅದು ವಾಸಿ, ಪ್ಲಾಸ್ಟಿಕ್‌ಗೆ ಬೆಂಕಿ ಹತ್ತುವುದಿಲ್ಲ. ಈ ಕಿಟ್‌ನಲ್ಲಿ ಅದಕ್ಕೆ ಒಳ್ಳೇ ಕೆಲಸ ಇದೆ. ಅಲುವೆಟ್‌ನ ಮೂರು ಬ್ಲೇಡ್‌ಗಳ ಬುಡದಲ್ಲಿ ಒಂದರಿಂದ ಇನ್ನೊಂದಕ್ಕೆ ತೆಳು ಕೇಬಲ್ ಇರುತ್ತದೆ. ಹಳೇ ಕಿಟ್ ಕಟ್ಟುವವರು ಅದನ್ನು ಹಾಕುವುದೇ ಇಲ್ಲ. ಎಳೆದ ಸ್ಪ್ರೂನಿಂದ ಹಾಕಿದರೆ ರೋಟರ್‌ನ ಕಳೆಯೇ ಬದಲಾಗುತ್ತದೆ.

ವೃತ್ತದ ವಿಷಯ: ಮನೆಯ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸುವುದಿಲ್ಲ. ಪಾರದರ್ಶಕ ಡೆಕಾಲ್ ಹಾಳೆಯಲ್ಲಿ ಮುದ್ರಿಸಿ ಕಡು ಬಣ್ಣದ ಮೇಲೆ ಇಟ್ಟರೆ ಕೇಸರಿ ಹೋಗಿ ಕಂದು ಆಗುತ್ತದೆ. ಮಾಸ್ಕಿಂಗ್ ಟೇಪ್‌ನಲ್ಲಿ ವೃತ್ತ ಕತ್ತರಿಸಿ, ಮೊದಲು ಪೂರ್ತಿ ಬಿಳಿ ಹೊಡೆಯಿರಿ. ಅದರ ಮೇಲೆ ಹೊರಗಿನ ಕೇಸರಿ ಉಂಗುರ, ನಡುವೆ ಹಸಿರು.

ಜಾಲಹಳ್ಳಿ_ಜೆಟ್
ಎಲ್ಲರೂ ಡೆಕಾಲ್ ಬಗ್ಗೆ ಮಾತಾಡುತ್ತಿದ್ದೀರಿ. ಅವರು ಕೇಳಿದ್ದು ವೆದರಿಂಗ್.

ನನ್ನ ಅಭಿಪ್ರಾಯ: ಜಾಸ್ತಿ ಮಾಡಿ. 1/72 ತುಂಬಾ ಚಿಕ್ಕದು. ಸ್ವಲ್ಪ ಹಚ್ಚಿದರೆ ಕಾಣುವುದೇ ಇಲ್ಲ, ಆಟದ ಸಾಮಾನು ಅನಿಸುತ್ತದೆ. ನಾನು ಪ್ರೀಶೇಡ್ (ಮೈ ಬಣ್ಣಕ್ಕೆ ಮೊದಲೇ ಗೆರೆಗಳಿಗೆ ಕಡು ಬಣ್ಣ) ಮಾಡುತ್ತೇನೆ, ಆಮೇಲೆ ಎಲ್ಲ ಗೆರೆಗೂ ಕಪ್ಪು ವಾಶ್, ಸ್ಪಾಂಜ್‌ನಲ್ಲಿ ಚಿಪ್ಪಿಂಗ್ (ಬಣ್ಣ ಕಿತ್ತಂಥ ಕಲೆ), ಕೊನೆಗೆ ಕೆಳಭಾಗಕ್ಕೆ ಕೆಂಪು ಮಣ್ಣಿನ ಪೌಡರ್. ಪೌಡರ್‌ಗೆ ದುಡ್ಡು ಯಾಕೆ, ತಾರಸಿ ಕುಂಡದ ಮಣ್ಣನ್ನೇ ಜರಡಿ ಹಿಡಿದರಾಯಿತು.

ಸುಮ್ನೆ_ಓದುವವ
ತಾರಸಿ ಕುಂಡದ ಮಣ್ಣು 😂 ಗೊಬ್ಬರ ಸಮೇತವಾ?

ವಿಮಾನಪುರ_ವಾಸಿ
ನಾನು ನಿವೃತ್ತ ಟೆಕ್ನಿಷಿಯನ್. ಚೇತಕ್, ಚೀತಾ ಎರಡೂ ಹೆಲಿಕಾಪ್ಟರ್ ಮೇಲೆ ಕೈಯಾಡಿಸಿದವನು. ಮಾಡೆಲ್ ಕಟ್ಟುವವನಲ್ಲ, ಮಗಳು ಕಟ್ಟುತ್ತಾಳೆ, ಅವಳೇ ಈ ಚರ್ಚೆ ತೋರಿಸಿದಳು. ಕಂಡದ್ದನ್ನು ಹೇಳುತ್ತೇನೆ.

ಮೊದಲು ತಿಳಿಯಬೇಕಾದ್ದು, ಹಾರುವ ಹೆಲಿಕಾಪ್ಟರನ್ನು ಒರೆಸುತ್ತಲೇ ಇರುತ್ತಾರೆ. ಸುಮ್ನೆ ಅಂದಕ್ಕಲ್ಲ. ಮೈ ಚೊಕ್ಕಟವಾಗಿದ್ದರೆ ತಾನೇ ಎಣ್ಣೆ ಎಲ್ಲಿಂದ ಸೋರುತ್ತಿದೆ, ಬಿರುಕು ಎಲ್ಲಿ ಬಂದಿದೆ ಅಂತ ಕಾಣುವುದು. ಹಾಗಾಗಿ ಇಡೀ ಮೈಗೆ ಒಂದೇ ಸಮ ಕೊಳೆ ಅನ್ನುವುದು ಸೇವೆಯಲ್ಲಿರುವ ಯಂತ್ರದಲ್ಲಿ ಇರುವುದಿಲ್ಲ. ಬಟ್ಟೆ ಸಲೀಸಾಗಿ ಓಡಾಡುವ ಜಾಗ ಶುಭ್ರ, ಬಟ್ಟೆ ಹೋಗದ ಮೂಲೆ ಕೊಳೆ.

ಚೇತಕ್‌ನ ಎಂಜಿನ್ ಮುಚ್ಚಿದ ಗೂಡಿನೊಳಗೆ ಇಲ್ಲ. ಆರ್ಟೂಸ್ಟ್ ಎಂಜಿನ್ ಕ್ಯಾಬಿನ್ ಹಿಂದೆ, ಮೇಲೆ, ಬಯಲಿನಲ್ಲೇ ಕೂತಿರುತ್ತದೆ. ಅದರ ಹೊಗೆಕೊಳವೆ ಹಿಂದಕ್ಕೆ ತಿರುಗಿದೆ. ಹಾಗಾಗಿ ಮಸಿ ಬೀಳುವುದು ಬಾಲದ ಬುಡದ ಮೇಲೆ, ಅಲ್ಲಿಂದ ಹಿಂದಕ್ಕೆ ತೆಳ್ಳಗಾಗುತ್ತಾ ಹೋಗುತ್ತದೆ. ಕೊಳವೆ ಬಾಯಿಯಂತೂ ಬಣ್ಣ ಸುಟ್ಟ ಲೋಹ, ಕಂದು ನೀಲಿ ಎಲ್ಲ ಬೆರೆತಿರುತ್ತದೆ.

ಇನ್ನು ರೋಟರ್ ತಲೆ. ಅಲ್ಲಿ ಗ್ರೀಸ್ ತುಂಬುತ್ತಾರೆ. ತಿರುಗುವಾಗ ಅದು ಹೊರಕ್ಕೆ ಚಿಮ್ಮುತ್ತದೆ, ಬ್ಲೇಡ್ ಬುಡಕ್ಕೆ ಹತ್ತುತ್ತದೆ, ಕೆಳಗೆ ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ. ಧೂಳು ಅಂಟುವುದು ಆ ಗ್ರೀಸ್‌ಗೆ. ಮಿಕ್ಕ ಕಡೆ ಧೂಳು ಕೂತರೂ ಹಾರಿದಾಗ ಹೋಗುತ್ತದೆ.

ಮೂರನೆಯದು ಕಾಲು. ಪೈಲಟ್ ಹತ್ತುವ ಮೆಟ್ಟಿಲು, ಬಾಗಿಲ ಹೊಸ್ತಿಲು, ಕ್ಯಾಬಿನ್ ನೆಲ, ಎಂಜಿನ್ ನೋಡಲು ನಾವು ಕಾಲಿಟ್ಟು ಹತ್ತುವ ಜಾಗ. ಅಲ್ಲಿ ಬಣ್ಣ ಸವೆದು ಲೋಹ ಹೊಳೆಯುತ್ತದೆ. ಹಿಂದಿನ ಬಾಗಿಲು ಜಾರುವ ಬಾಗಿಲು, ಅದರ ಹಳಿಯ ಉದ್ದಕ್ಕೂ ಬಣ್ಣ ಉಜ್ಜಿಹೋಗಿರುತ್ತದೆ. ಮುಂದೆ ಮೂರು ಸೀಟು, ಹಿಂದೆ ನಾಲ್ಕು. ಹಿಂದಿನ ಸೀಟು ಮಡಚಿ ಸಾಮಾನು ಹೇರುವುದೇ ಜಾಸ್ತಿ, ಆದ್ದರಿಂದ ಹಿಂದಿನ ನೆಲ ಮುಂದಿನದಕ್ಕಿಂತ ಗೀರು ತಿಂದಿರುತ್ತದೆ.

ತುಕ್ಕಂತೂ ದಯವಿಟ್ಟು ಹಚ್ಚಬೇಡಿ. ಮೈ ಅಲ್ಯೂಮಿನಿಯಂ. ಕೆಂಪು ತುಕ್ಕು ಹಿಡಿಯುವ ಲೋಹವೇ ಅಲ್ಲ ಅದು.

ಕತ್ರಿಗುಪ್ಪೆ_ಕಿಟ್
ಸರ್, ಇದೇ ಬೇಕಿತ್ತು. ತುಂಬಾ ಥ್ಯಾಂಕ್ಸ್. ಬ್ಲೇಡ್ ಮೇಲೆ ಏನು ಕಾಣುತ್ತದೆ?

ವಿಮಾನಪುರ_ವಾಸಿ
ಬ್ಲೇಡ್‌ನ ಮುಂದಿನ ಅಂಚನ್ನು ಮರಳು, ಧೂಳು ಉಜ್ಜುತ್ತದೆ. ತುದಿಯ ಕಡೆ ವೇಗ ಜಾಸ್ತಿ, ಅಲ್ಲಿ ಸವೆತವೂ ಜಾಸ್ತಿ. ಬುಡದ ಕಡೆ ಬಣ್ಣ ಉಳಿದಿರುತ್ತದೆ. ನಿಮ್ಮವರು ಅಂಚಿನ ಉದ್ದಕ್ಕೂ ಒಂದೇ ಅಳತೆಯ ಬೆಳ್ಳಿ ಗೆರೆ ಎಳೆಯುತ್ತಾರೆ, ಅದು ತಪ್ಪು. ತುದಿಯಲ್ಲಿ ಅಗಲ, ಒಳಕ್ಕೆ ಬರುತ್ತಾ ಮಾಯ. ಇನ್ನೊಂದು, ನಿಂತ ಹೆಲಿಕಾಪ್ಟರ್‌ನ ಬ್ಲೇಡ್ ನೆಟ್ಟಗೆ ಇರುವುದಿಲ್ಲ, ತನ್ನ ಭಾರಕ್ಕೆ ಬಾಗುತ್ತದೆ. ಮಗಳು ಮಾಡಿದ್ದು ನೆಟ್ಟಗಿತ್ತು. ನೋಡಿದ ತಕ್ಷಣ ಹೇಳಿದೆ, ಬೇಜಾರು ಮಾಡಿಕೊಂಡಳು.

ಗೋಂದು_ಗೌಡ
ಬಾಗಿಸುವುದು ಸುಲಭ. ಬಿಸಿ ನೀರಿನಲ್ಲಿ ಅದ್ದಿ, ಬೆರಳಲ್ಲಿ ನಯವಾಗಿ ಬಗ್ಗಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಮೂರೂ ಒಂದೇ ಸಮ ಬಾಗಬೇಕಾದರೆ ಒಂದು ಚೊಂಬಿನ ಹೊಟ್ಟೆಗೆ ಟೇಪ್ ಹಾಕಿ ಕಟ್ಟಿ ಬಿಸಿ ನೀರು ಹುಯ್ಯಿರಿ.

ಜಾಲಹಳ್ಳಿ_ಜೆಟ್
ವಿಮಾನಪುರ ಸರ್, ಗೌರವ ಇದೆ. ಆದರೆ ನೀವು ಹೇಳುತ್ತಿರುವುದು ನಿಜವಾದ ಹೆಲಿಕಾಪ್ಟರ್ ಬಗ್ಗೆ. ಮಾಡೆಲ್ ಬೇರೆ. ಶೋಕೇಸ್‌ನಲ್ಲಿ ನಾಲ್ಕು ಅಡಿ ದೂರದಿಂದ ನೋಡುವವನಿಗೆ ಏನಾದರೂ ಕಾಣಬೇಕಲ್ಲ. ಹೊಸ ಬಣ್ಣದ ಶುಭ್ರ ಮಾಡೆಲ್ ಸಪ್ಪೆ. ಪ್ಯಾನೆಲ್ ಲೈನ್ ಕಪ್ಪಾದರೇ ಆಕಾರ ಎದ್ದು ಕಾಣುವುದು.

ಸುಮಾ_ಸ್ಪ್ರೂ
ಆಕಾರ ಎಲ್ಲಿ ಕಾಣುತ್ತದೆ, ಬಾತ್‌ರೂಮ್ ಟೈಲ್ಸ್ ಥರ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. 1/72ರಲ್ಲಿ 0.3 ಮಿಲಿಮೀಟರ್ ಅಗಲದ ಕಪ್ಪು ಗೆರೆ ಅಂದರೆ ನಿಜವಾದ ಚೇತಕ್ ಮೇಲೆ ಎರಡು ಸೆಂಟಿಮೀಟರ್‌ಗಿಂತ ಅಗಲದ ಬಿರುಕು. ಬೆರಳು ತೂರುತ್ತದೆ. ನಿಮ್ಮ ಕುಂಡದ ಮಣ್ಣಿನದೂ ಅದೇ ಕಥೆ. ಎಷ್ಟೇ ಜರಡಿ ಹಿಡಿದರೂ 0.1 ಮಿಲಿಮೀಟರ್‌ನ ಕಣ ಉಳಿಯುತ್ತದೆ, ಅದು ಆ ಅಳತೆಯಲ್ಲಿ 7 ಮಿಲಿಮೀಟರ್ ಜಲ್ಲಿ. ಚಕ್ರದ ಮೇಲೆ ಜಲ್ಲಿ ಅಂಟಿಸಿಕೊಂಡು ಯಾವ ಹೆಲಿಕಾಪ್ಟರ್ ಹಾರುತ್ತದೆ?

ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಸಣ್ಣ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ. ಗಾಂಧಿ ಬಜಾರ್, ಅವೆನ್ಯೂ ರೋಡ್ ಎಲ್ಲಾ ಕಡೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಆಯಿಲ್ ಪೇಸ್ಟಲ್ ತರಬೇಡಿ, ಅದು ಪುಡಿ ಆಗುವುದಿಲ್ಲ.

ಜಾಲಹಳ್ಳಿ_ಜೆಟ್
ಸರಿ, ಮಣ್ಣು ಬಿಟ್ಟೆ. ವಾಶ್ ಬಿಡಲ್ಲ.

ಮಲ್ಲೇಶ್ವರಂ_ಮಾಮ
ವಾಶ್ ಮಾಡಿ, ಕಪ್ಪು ಮಾತ್ರ ಬಿಡಿ. ಮೈ ಬಣ್ಣಕ್ಕಿಂತ ಒಂದು ಛಾಯೆ ಕಡು ಇದ್ದರೆ ಸಾಕು. ಹಸಿರು ಮೈಗೆ ಕಡು ಕಂದು. ಬೂದು ಮೈಗೆ ಕಡು ಬೂದು.

ಸುಮ್ನೆ_ಓದುವವ
ನನಗೊಂದು ಅನುಮಾನ. ಎದ್ದ ಗೆರೆಗೆ ವಾಶ್ ಹೇಗೆ ಹಿಡಿಯುತ್ತದೆ? ಒಳಗೆ ಕೊರೆದಿದ್ದರೆ ತಾನೇ ಇಳಿಯುವುದು.

ಸುಮಾ_ಸ್ಪ್ರೂ
ಹಿಡಿಯುವುದಿಲ್ಲ. ಗೆರೆಯ ಎರಡೂ ಬದಿಗೆ ನಿಲ್ಲುತ್ತದೆ, ಕೊಳಕಾಗುತ್ತದೆ. ಎರಡು ದಾರಿ. ಒಂದು, ಎದ್ದ ಗೆರೆಯ ಪಕ್ಕಕ್ಕೆ ಗಟ್ಟಿ ಲೇಬಲ್ ಟೇಪ್ ಅಂಟಿಸಿ ಗೆರೆ ಕೊರೆಯುವ ಸ್ಕ್ರೈಬರ್‌ನಲ್ಲಿ ಹಗುರವಾಗಿ ಐದಾರು ಸಲ ಎಳೆದು, ಆಮೇಲೆ ಎದ್ದದ್ದನ್ನು ಉಜ್ಜಿ ತೆಗೆಯುವುದು. ಒಂದೇ ಸಲ ಒತ್ತಿ ಎಳೆದರೆ ಗೆರೆ ಜಾರುತ್ತದೆ. ಇನ್ನೊಂದು, ಹಾಗೇ ಬಿಟ್ಟು, ಬಣ್ಣ ಒಣಗಿದ ಮೇಲೆ ಎದ್ದ ಗೆರೆಯ ನೆತ್ತಿಗೆ ತಿಳಿ ಬಣ್ಣದಲ್ಲಿ ಡ್ರೈಬ್ರಷ್ ಮಾಡುವುದು, ಅಂದರೆ ಬಣ್ಣ ಬಹುಪಾಲು ಒರೆಸಿದ ಬ್ರಷ್ ಸವರುವುದು. ಹಳೇ ಹೆಲಿಕಾಪ್ಟರ್ ಕಿಟ್‌ಗೆ ನನಗೆ ಎರಡನೆಯದೇ ಇಷ್ಟ. ಚೇತಕ್‌ನ ಅರ್ಧ ಮೈ ಗಾಜು, ಮೇಲೆ ಬರೀ ಎಂಜಿನ್. ಕೊರೆಯುವಂಥ ತಗಡಿನ ಜಾಗ ಇರುವುದೇ ಬಾಲದಲ್ಲಿ. ಅದಕ್ಕೆ ಅಷ್ಟು ಬೆವರು ಸುರಿಸುವ ಬದಲು ಎಂಜಿನ್‌ಗೆ ನಾಲ್ಕು ತಂತಿ ಸೇರಿಸಿ. ಕಣ್ಣು ಹೋಗುವುದೇ ಅಲ್ಲಿಗೆ.

ರಾಜಾಜಿನಗರ_ರಂಗ
ಡಬ್ಬದ ಫೋಟೊ ಇನ್ನೂ ಬಂದಿಲ್ಲ.

ಹೆಬ್ಬಾಳ_ಹಾರಾಟ
ಯಾರೂ ಒಂದು ಮಾತು ಕೇಳಲಿಲ್ಲ. ಯಾವ ವರ್ಷದ ಚೇತಕ್? ಯಾವ ಊರಿನದು? ಅದು ಗೊತ್ತಾಗದೆ ಕೊಳೆಯ ಮಾತೇ ಬೇಡ.

ಅಲುವೆಟ್ ಮಾಡುತ್ತಿದ್ದ ಫ್ರೆಂಚ್ ಕಂಪನಿ ಸೂಡ್ ಏವಿಯೇಷನ್ ಜೊತೆ ಲೈಸೆನ್ಸ್ ಒಪ್ಪಂದ 1962ರದ್ದು. ಎಚ್‌ಎಎಲ್‌ನಲ್ಲಿ ಜೋಡಿಸಿದ ಮೊದಲನೆಯದು ಇಲ್ಲೇ ನಮ್ಮೂರಲ್ಲಿ ಹಾರಿದ್ದು 1965ರಲ್ಲಿ. ಅಲ್ಲಿಂದ ಇವತ್ತಿನವರೆಗೂ ವಾಯುಪಡೆ, ನೌಕಾಪಡೆ, ಸೇನೆ, ಕೋಸ್ಟ್ ಗಾರ್ಡ್ ಎಲ್ಲರ ಹತ್ತಿರವೂ ಇದೆ. ವಿಕ್ರಾಂತ್ ಹಡಗಿನ ಮೇಲೆ, ನೀರಿಗೆ ಬಿದ್ದ ಪೈಲಟ್‌ನನ್ನು ಎತ್ತಲು ನಿಲ್ಲುತ್ತಿದ್ದ ಚೇತಕ್ ಮಾಡಿದರೆ ಕೆಂಧೂಳು ಎಲ್ಲಿಂದ ಬರಬೇಕು? ಅಲ್ಲಿ ಉಪ್ಪು. ಬಿಳಿಚಿದ ಕಲೆ, ಮಾಸಿದ ಬಣ್ಣ. ಸಿಯಾಚಿನ್ ಕಡೆಯ ಚೀತಾ ಮಾಡಿದರೆ ಹಿಮ, ಹೊಗೆ, ಕಾಲಿನ ಸವೆತ ಅಷ್ಟೇ. ಯಲಹಂಕ, ಜಕ್ಕೂರು ಕಡೆಯ ಬಯಲಲ್ಲಿ ಇಳಿದದ್ದಾದರೆ ಮಾತ್ರ ಚಕ್ರಕ್ಕೆ, ಹೊಟ್ಟೆಗೆ ಕೆಂಪು.

ಸೇನೆಯ ಬಣ್ಣ ಹಾಕುವವರಿಗೆ ಇನ್ನೊಂದು ಮಾತು. ಆರ್ಮಿ ಏವಿಯೇಷನ್ ಕೋರ್ ಶುರುವಾದದ್ದು 1986ರ ನವೆಂಬರ್ 1ಕ್ಕೆ. 71ರ ಯುದ್ಧದ ಹೆಲಿಕಾಪ್ಟರ್ ಅಂತ ಬೋರ್ಡ್ ಹಾಕಿ ಅದಕ್ಕೆ ಆ ಕೋರ್‌ನ ಗುರುತು ಅಂಟಿಸಿದ್ದನ್ನು ಒಂದು ಪ್ರದರ್ಶನದಲ್ಲಿ ನೋಡಿದೆ. ಬಹುಮಾನ ಬೇರೆ ಬಂದಿತ್ತು.

ಗೋಂದು_ಗೌಡ
71 ಅಂದ ಮೇಲೆ ಕಿಲೋ ಫ್ಲೈಟ್ ಮಾಡಿ ಕತ್ರಿಗುಪ್ಪೆ! ಬಾಂಗ್ಲಾ ವಿಮೋಚನೆಗೆ ಹೋರಾಡುತ್ತಿದ್ದ ಮುಕ್ತಿ ಬಾಹಿನಿಗೆ ದಿಮಾಪುರದಲ್ಲಿ ಕಟ್ಟಿದ ಪುಟ್ಟ ವಾಯುದಳ. ಒಂದು ಡಕೋಟಾ ವಿಮಾನ, ಒಂದು ಆಟರ್ ವಿಮಾನ, ಒಂದು ಅಲುವೆಟ್ 3. ಅಲುವೆಟ್‌ಗೆ ಎರಡೂ ಬದಿ ರಾಕೆಟ್ ಪಾಡ್ ಕಟ್ಟಿ, ಬಾಗಿಲಲ್ಲಿ ಮೆಷಿನ್ ಗನ್ ಇಟ್ಟು, ಡಿಸೆಂಬರ್ 3ರ ರಾತ್ರಿ ನಾರಾಯಣಗಂಜ್ ತೈಲ ಡಿಪೊ ಮೇಲೆ ಹೋದರು. ಆ ಹೆಲಿಕಾಪ್ಟರ್‌ಗಾದರೆ ಕೊಳೆ, ಮಸಿ, ಗೀರು ಎಲ್ಲ ಹಚ್ಚಬಹುದು. ಕಾಡಿನ ಪಟ್ಟಿಯಿಂದ ಹಾರಿದ್ದು, ಪಾಲಿಶ್ ಹಾಕಿ ನಿಲ್ಲಿಸಿದ್ದಲ್ಲ. ಜಾಲಹಳ್ಳಿಯವರಿಗೂ ಸಮಾಧಾನ.

ಜಾಲಹಳ್ಳಿ_ಜೆಟ್
ಇದು ಮಾತು! ರಾಕೆಟ್ ಹಾರಿದಾಗಿನ ಹೊಗೆ ಕಲೆ ಬಾಗಿಲ ಬದಿಗೆ ಬರುತ್ತದೆ ಅಲ್ವಾ?

ಹೆಬ್ಬಾಳ_ಹಾರಾಟ
ಬರುತ್ತದೆ, ಪಾಡ್‌ನ ಹಿಂದೆ. ಆದರೆ ಕೊಳವೆ ಬಾಯಿಯಷ್ಟು ಕಪ್ಪು ಮಾಡಬೇಡಿ.

ಕತ್ರಿಗುಪ್ಪೆ_ಕಿಟ್
ಕಿಲೋ ಫ್ಲೈಟ್ ಹೊಳೆದೇ ಇರಲಿಲ್ಲ. ಕಿಟ್‌ನಲ್ಲಿ ಪಾಡ್ ಇಲ್ಲ, ಆದರೆ ಮಾಡಿಕೊಳ್ಳಬಹುದು. ಯೋಚನೆ ಮಾಡುತ್ತೇನೆ.

ಈಗ ಗಾಜಿನ ಗೂಡಿನ ಬಗ್ಗೆ ಹೇಳಿ. ಅದು ಕೆಟ್ಟರೆ ಎಲ್ಲ ಕೆಟ್ಟಿತು.

ಮಲ್ಲೇಶ್ವರಂ_ಮಾಮ
ಹಲ್ಲುಜ್ಜುವ ಪೇಸ್ಟ್. ಹತ್ತಿ ಬಟ್ಟೆಗೆ ಹಚ್ಚಿ ಉಜ್ಜುತ್ತಾ ಕೂರಿ. ಜೆಲ್ ಅಲ್ಲ, ಬಿಳಿ ಪೇಸ್ಟ್.

ಸುಮಾ_ಸ್ಪ್ರೂ
ಆಳದ ಗೀರಾದರೆ ಮೊದಲು 1200, ಆಮೇಲೆ 2000 ನೀರು ಸ್ಯಾಂಡ್‌ಪೇಪರ್, ಆಮೇಲೆ ಮಾಮನ ಪೇಸ್ಟ್. ಉಜ್ಜುವಾಗ ಗಾಜಿನ ಹಿಂದೆ ಬೆರಳ ಆಸರೆ ಇರಲಿ, ಹಳೇ ಪ್ಲಾಸ್ಟಿಕ್ ಪಟ್ ಅಂತ ಸೀಳುತ್ತದೆ. ಅಂಟಿಸಲು ಫೆವಿಕ್ವಿಕ್ ಮುಟ್ಟಲೇಬೇಡಿ. ಅದರ ಆವಿ ಗಾಜಿನ ಒಳಗೆಲ್ಲ ಬಿಳಿ ಮಂಜು ಹಿಡಿಸುತ್ತದೆ, ಗೂಡು ಮುಚ್ಚಿದ ಮೇಲೆ ಒರೆಸುವ ದಾರಿ ಇಲ್ಲ. ಫೆವಿಕಾಲ್ ಸಾಕು. ಒಣಗಿದರೆ ಪಾರದರ್ಶಕ, ಜಾಸ್ತಿ ಆದದ್ದನ್ನು ಒದ್ದೆ ಬ್ರಷ್‌ನಲ್ಲಿ ತೆಗೆಯಬಹುದು.

ಮುಚ್ಚುವ ಮೊದಲು ಒಳಗಿನ ವೆದರಿಂಗ್ ಮುಗಿಸಿ. ಅಷ್ಟು ಗಾಜು ಇದ್ದ ಮೇಲೆ ಒಳಗಿನ ನೆಲ ಹೊರಗಿನ ಮೈಗಿಂತ ಮುಖ್ಯ. ವಿಮಾನಪುರ ಸರ್ ಹೇಳಿದರಲ್ಲ, ಹಿಂದಿನ ನೆಲದ ಗೀರು. ನೆಲಕ್ಕೆ ಮೊದಲು ಅಲ್ಯೂಮಿನಿಯಂ ಬಣ್ಣ, ಅದರ ಮೇಲೆ ಹೇರ್ ಸ್ಪ್ರೇ ಒಂದು ಪದರ, ಅದರ ಮೇಲೆ ಅಕ್ರಿಲಿಕ್ ಬೂದು. ಬೂದು ಒಣಗಿದ ಸ್ವಲ್ಪ ಹೊತ್ತಿಗೇ ಒದ್ದೆ ಬ್ರಷ್‌ನಲ್ಲಿ ಉಜ್ಜಿದರೆ ಹೇರ್ ಸ್ಪ್ರೇ ಕರಗಿ ಬೂದು ಬಣ್ಣ ಅಲ್ಲಲ್ಲಿ ಏಳುತ್ತದೆ. ಹೊಸ್ತಿಲ ಅಂಚಿನಲ್ಲಿ ಜಾಸ್ತಿ ಎಬ್ಬಿಸಿ, ಸೀಟಿನ ಕೆಳಗೆ ಬೇಡ. ಅಲ್ಲಿ ಯಾರೂ ಕಾಲಿಡುವುದಿಲ್ಲ.

ಸುಮ್ನೆ_ಓದುವವ
ಹಳೇ ಬಣ್ಣ ತೆಗೆಯಲು ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಆಗುತ್ತಾ? ನನ್ನ ಹತ್ತಿರ ಯಾರೋ ಅರ್ಧ ಬಳಿದ ಮಿ-4 ಹೆಲಿಕಾಪ್ಟರ್ ಮಾಡೆಲ್ ಇದೆ. ಜೆಕ್ ಕಂಪನಿ ಕೆಪಿಯದ್ದು.

ಸುಮಾ_ಸ್ಪ್ರೂ
ಅಯ್ಯೋ ಬೇಡ. ಎನ್‌ಸಿ ಥಿನ್ನರ್ ಬಣ್ಣದ ಜೊತೆ ಕಿಟ್ ಮಾಡಿದ ಪ್ಲಾಸ್ಟಿಕ್ ಪಾಲಿಸ್ಟೈರೀನನ್ನೂ ಕರಗಿಸುತ್ತದೆ. ಡೆಟಾಲ್‌ನಲ್ಲಿ ರಾತ್ರಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಮೊದಲ ಸಲ ಡೆಟಾಲ್ ಹಾಕಿಯೇ ತೊಳೆಯಿರಿ. ನೀರು ತಾಗಿದರೆ ಕಿತ್ತ ಬಣ್ಣ ಅಂಟಂಟಾಗಿ ಮತ್ತೆ ಮೆತ್ತಿಕೊಳ್ಳುತ್ತದೆ. ಗಾಜಿನ ಭಾಗ ಅದರಲ್ಲಿ ಹಾಕಬೇಡಿ. ಕೈಗೆ ಗ್ಲೌಸ್ ಇರಲಿ.

ಹೆಬ್ಬಾಳ_ಹಾರಾಟ
ಮಿ-4! 1971ರ ಡಿಸೆಂಬರ್‌ನಲ್ಲಿ ನಮ್ಮ ಸೈನಿಕರನ್ನು ಮೇಘನಾ ನದಿ ದಾಟಿಸಿದ್ದು ಅದೇ. ಅದರ ವೆದರಿಂಗ್ ಬೇರೆಯೇ ನೋಡಿ. ಚೇತಕ್‌ನದು ಟರ್ಬೈನ್, ಮಸಿ ಹಿಂದೆ ಬೀಳುತ್ತದೆ. ಮಿ-4ರದ್ದು ಮೂಗಿನಲ್ಲಿ ಕೂತ ಪಿಸ್ಟನ್ ಎಂಜಿನ್, ಹಾಗಾಗಿ ಎಣ್ಣೆ, ಹೊಗೆ ಎಲ್ಲ ಮುಂದೆ, ಪೈಲಟ್ ಕಾಲ ಕೆಳಗೇ. ವಾಯುಪಡೆಗೆ 1954ರಲ್ಲಿ ಬಂದ ಮೊದಲ ಹೆಲಿಕಾಪ್ಟರ್ ಸಿಕೋರ್ಸ್ಕಿ ಎಸ್-55ದೂ ಇದೇ ಏರ್ಪಾಡು.

ರಾಜಾಜಿನಗರ_ರಂಗ
ಹಳೇ ಏರ್‌ಪೋರ್ಟ್ ಇದ್ದಾಗ ಮುರುಗೇಶಪಾಳ್ಯದ ಕಡೆ ಕಾಂಪೌಂಡ್ ಪಕ್ಕ ನಿಂತು ನೋಡುತ್ತಿದ್ದೆವು. ಚೇತಕ್ ಬಂದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು, ಆ ಕೀಚಲು ಸಿಳ್ಳೆ ಬೇರೆ ಯಾವುದಕ್ಕೂ ಇಲ್ಲ. 2008ರಲ್ಲಿ ಪ್ರಯಾಣಿಕರ ವಿಮಾನ ದೇವನಹಳ್ಳಿಗೆ ಹೋದ ಮೇಲೆ ನಾವೂ ಆ ಕಡೆ ಹೋಗುವುದು ನಿಂತಿತು.

ಗೋಂದು_ಗೌಡ
ಈಗ ಆ ರೋಡಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಎರಡು ಹೆಲಿಕಾಪ್ಟರ್ ಇಳಿದು ಹತ್ತುವುದನ್ನು ನೋಡಬಹುದು. ಬಿಟ್ಟಿ ಏರ್ ಶೋ.

ಜಾಲಹಳ್ಳಿ_ಜೆಟ್
ಏರ್ ಶೋ ಅಂದರೆ ಸಾರಂಗ್, ವಾಯುಪಡೆಯ ಹೆಲಿಕಾಪ್ಟರ್ ಪ್ರದರ್ಶನ ತಂಡ. ನನಗೆ ಅವರ ಧ್ರುವ್ ಹೆಲಿಕಾಪ್ಟರ್ ಮಾಡುವ ಆಸೆ, ಕೆಂಪು ಮೈಗೆ ನವಿಲು ಬರೆದದ್ದು. ತಂಡ ಕಟ್ಟಿದ್ದು 2003ರಲ್ಲಿ, ಇಲ್ಲೇ. ನವಿಲನ್ನು ಕೈಯಲ್ಲಿ ಬರೆಯುವ ಧೈರ್ಯ ಇಲ್ಲ.

ಸುಮ್ನೆ_ಓದುವವ
ಅದಕ್ಕೆ ವೆದರಿಂಗ್ ಬೇಡ ಬಿಡಿ. ನಿಮಗೆ ಕಷ್ಟ.

ವಿಮಾನಪುರ_ವಾಸಿ
ವಿಷಯ ಎಲ್ಲಿಗೋ ಹೋಯಿತು, ನಾನೂ ಒಂದು ಸೇರಿಸುತ್ತೇನೆ. ಚೀತಾ ಅಂದರೆ ಫ್ರೆಂಚರ ಲಾಮಾ. ಅಲುವೆಟ್ 2ರ ಹಗುರ ಮೈ, ಅಲುವೆಟ್ 3ರ ಎಂಜಿನ್, ರೋಟರ್. 1972ರ ಜೂನ್ 21ರಂದು ಜಾನ್ ಬುಲೆ ಲಾಮಾದಲ್ಲಿ 12,442 ಮೀಟರ್ ಏರಿದರು. ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಅಷ್ಟೆತ್ತರದಿಂದ ರೋಟರ್ ಗಾಳಿಗೆ ತಾನೇ ತಿರುಗುವುದರ ಬಲದಿಂದಲೇ ಕೆಳಗಿಳಿದರು. ಚೀತಾದ ಬಾಲ ಬರೀ ಕೊಳವೆಗಳ ಜಾಲರಿ, ತಗಡು ಇಲ್ಲ. ಮಾಡೆಲ್ ಮಾಡುವವರು ಅದರ ಕೊಳವೆ ಸೇರುವ ಮೂಲೆಗಳಲ್ಲಿ ಕೊಳೆ ತೋರಿಸಿ. ನಾವು ಒರೆಸುವಾಗ ಬೈದುಕೊಳ್ಳುತ್ತಿದ್ದದ್ದು ಆ ಮೂಲೆಗಳನ್ನೇ.

ಕತ್ರಿಗುಪ್ಪೆ_ಕಿಟ್
ಸರ್, ಇಂಥ ಮಾತು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಡಬ್ಬದ ಫೋಟೊ ಹಾಕಿದ್ದೇನೆ ನೋಡಿ ರಂಗ ಅವರೇ. ಹಾಗೇ ಇನ್ನೆರಡು ಪ್ರಶ್ನೆ. ಬಣ್ಣ ಎನಾಮೆಲ್ಲಾ ಅಕ್ರಿಲಿಕ್ಕಾ? ಮತ್ತೆ, ಟೇಪ್ ಹಾಕಿ ಜೋಡಿಸಿ ನಿಲ್ಲಿಸಿದರೆ ಬಾಲದ ಮೇಲೆ ಕೂರುತ್ತಿದೆ. ಮುಂದೆಲ್ಲ ಗಾಜು. ಭಾರ ಎಲ್ಲಿ ಅಡಗಿಸಲಿ?

ರಾಜಾಜಿನಗರ_ರಂಗ
ಆಹಾ, ಆ ಡಬ್ಬದ ಚಿತ್ರ! ಇಲಿಗೆ ಶಾಪ.

ಪೆಟ್ಟಿಗೆ_ಪುರಾಣ
ಡಬ್ಬ ಬೇಡದಿದ್ದರೆ ನನಗೆ ಕೊಡಿ.

ಮಲ್ಲೇಶ್ವರಂ_ಮಾಮ
ಮೀನು ಹಿಡಿಯುವ ಗಾಳದ ಸೀಸದ ಗುಂಡು ತನ್ನಿ. ಕ್ಯಾಬಿನ್ ನೆಲದ ಕೆಳಗೆ ಸುರಿದು ಫೆವಿಕಾಲ್ ಹುಯ್ಯಿರಿ.

ಸುಮಾ_ಸ್ಪ್ರೂ
ಮಾಮ, ಸೀಸಕ್ಕೆ ಫೆವಿಕಾಲ್ ಮಾತ್ರ ಬೇಡ. ಬಿಳಿ ಗೋಂದಿನಿಂದ ಹೊರಡುವ ಆಮ್ಲ ಸೀಸವನ್ನು ನಿಧಾನವಾಗಿ ತಿನ್ನುತ್ತದೆ, ಬಿಳಿ ಪುಡಿ ಆಗಿ ಉಬ್ಬುತ್ತದೆ. ಮುಚ್ಚಿದ ಜಾಗದಲ್ಲಿ ಉಬ್ಬಿದರೆ ಕೆಲವು ವರ್ಷದಲ್ಲಿ ಮಾಡೆಲ್ ಸೀಳುತ್ತದೆ. ಆಟದ ರೈಲು ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ತನ್ನಿ, ಉಕ್ಕಿನದು, ಅರಾಲ್ಡೈಟ್‌ನಲ್ಲಿ ಕೂರಿಸಿ.

ಜಾಗ: ಹಿಂದಿನ ಎರಡು ಚಕ್ರಕ್ಕಿಂತ ಮುಂದೆ ಎಲ್ಲಾದರೂ ಸರಿ. ನೆಲದ ಕೆಳಗೆ, ಸೀಟಿನ ಒಳಗೆ. ಮೂಗಿಗೆ ಹತ್ತಿರವಾದಷ್ಟೂ ಕಡಿಮೆ ಭಾರ ಸಾಕು. ಸೀಟಿನ ಕೆಳಗೆ ಟೊಳ್ಳಿದ್ದರೆ ಮೊದಲು ಅದನ್ನು ತುಂಬಿ.

ಬಣ್ಣ: ಮೈಗೆ ಅಕ್ರಿಲಿಕ್, ವಾಶ್‌ಗೆ ಆಯಿಲ್ ಪೇಂಟ್ ಮತ್ತು ಟರ್ಪೆಂಟೈನ್. ಆಗ ವಾಶ್ ಒರೆಸುವಾಗ ಕೆಳಗಿನ ಬಣ್ಣ ಏಳುವುದಿಲ್ಲ. ಮೈಗೆ ಎನಾಮೆಲ್ ಹಾಕಿದ್ದರೆ ನಡುವೆ ಅಕ್ರಿಲಿಕ್ ಹೊಳಪಿನ ಕೋಟ್ ಒಂದು ಇರಲೇಬೇಕು. ಮ್ಯಾಟ್ (ಹೊಳಪಿಲ್ಲದ) ಲ್ಯಾಕರ್ ಕೊನೆಗೆ. ಮಳೆ ದಿನ ಹೊಡೆಯಬೇಡಿ. ಗಾಳಿಯ ತೇವಕ್ಕೆ ಲ್ಯಾಕರ್ ಬೆಳ್ಳಗಾಗುತ್ತದೆ, ಆಗ ನೀವು ಮಾಡಿದ ಮಸಿ, ಗ್ರೀಸ್ ಎಲ್ಲ ಪೊರೆಯ ಹಿಂದೆ ಹೋಗುತ್ತದೆ. ಗ್ರೀಸ್ ಮಾತ್ರ ಮ್ಯಾಟ್ ಆದ ಮೇಲೆ ಹಚ್ಚಿ. ಕಂದು ಆಯಿಲ್ ಪೇಂಟ್‌ಗೆ ಒಂದು ಹನಿ ಹೊಳಪಿನ ವಾರ್ನಿಶ್ ಸೇರಿಸಿ ರೋಟರ್ ಬುಡಕ್ಕೆ ಸೂಜಿಯಲ್ಲಿ ಇಡಿ. ಗ್ರೀಸ್ ಹೊಳೆಯಬೇಕು, ಧೂಳು ಹೊಳೆಯಬಾರದು.

ಜಾಲಹಳ್ಳಿ_ಜೆಟ್
ಗ್ರೀಸ್ ಹೊಳೆಯಬೇಕು ಅನ್ನುವುದು ಒಪ್ಪಿದೆ. ಕಪ್ಪು ವಾಶ್ ಬಗ್ಗೆ ಇನ್ನೂ ಒಪ್ಪಿಲ್ಲ.

ಗೋಂದು_ಗೌಡ
ನೀವು ಒಪ್ಪುವಷ್ಟರಲ್ಲಿ ಅವರು ಕಟ್ಟಿ ಮುಗಿಸಿರುತ್ತಾರೆ.

ಕತ್ರಿಗುಪ್ಪೆ_ಕಿಟ್
ಬೇರಿಂಗ್ ಎಷ್ಟು ಗ್ರಾಂ ಬೇಕಾಗಬಹುದು ಸುಮಾ ಅವರೇ?

ಸುಮಾ_ಸ್ಪ್ರೂ
ಗ್ರಾಂ ಲೆಕ್ಕ ಬೇಡ. ರೋಟರ್ ಸಮೇತ ಎಲ್ಲ ಟೇಪ್‌ನಲ್ಲಿ ಜೋಡಿಸಿ, ಚಕ್ರದ ಮೇಲೆ ನಿಲ್ಲಿಸಿ, ನೆಲದ ಮೇಲೆ ಒಂದೊಂದೇ ಗುಂಡು ಇಡುತ್ತಾ ಹೋಗಿ. ಮೂಗು ಕೆಳಗೆ ಕೂತ ಮೇಲೆ ಇನ್ನೂ ಮೂರು ನಾಲ್ಕು ಹಾಕಿ. ಪುಟ್ಟಿ, ಬಣ್ಣ, ಎಂಜಿನ್ ತಂತಿ ಎಲ್ಲ ಹಿಂದೆಯೇ ಸೇರುವುದು. ರಾಕೆಟ್ ಪಾಡ್ ಮಾಡುವುದಾದರೆ ಅದನ್ನೂ ಕಟ್ಟಿಯೇ ನೋಡಿ.

ರಾಜಾಜಿನಗರ_ರಂಗ
ಪಾಡ್ ಮಾಡಿದರೆ ಅದರ ಫೋಟೊನೂ ಹಾಕಿ. ಮತ್ತೆ ಮತ್ತೆ ಕೇಳುವ ಹಾಗೆ ಮಾಡಬೇಡಿ.